ಹವಳದ ಮೇಲೆ ನಿಂತ ನನ್ನ ತಮ್ಮ

‘ಏ ಸಾವಕಾರ್ರ, ಬೂಟ್ ಬಿಡ್ರಿ! ಮೊದಲ ಬೂಟ್ ಬಿಡ್ರಿ!’

ನನ್ನ ತಮ್ಮ ಮಲ್ಲಪ್ಪ ಒದರಿದ ರಭಸಕ್ಕೆ, ಬೇವಿನ ಗಿಡದ ಕೆಳಗೆ ಕೂತಿದ್ದ ನನ್ನ ಕೈಯ ಚಹಾ ತುಳುಕಿತು. ಮೆಣಸಗಿಯ ಅವನ ಹೊಲದಲ್ಲಿ ಕಡಲಿ ಒಕ್ಕಿ ರಾಶಿ ಮಾಡುವ ಕೆಲಸ ನಡೆದಿತ್ತು. ರೋಣದಿಂದ ನಾನೂ ಹೋಗಿದ್ದೆ. ಕಾಳು ನೋಡಲು ಗಜೇಂದ್ರಗಡದಿಂದ ಬಂದ ವ್ಯಾಪಾರಿಯೊಬ್ಬರು ಫೋನಿನಲ್ಲಿ ಮಾತಾಡುತ್ತಾ ಬೂಟು ಸಮೇತ ಕಣಕ್ಕೆ ಕಾಲಿಟ್ಟುಬಿಟ್ಟಿದ್ದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕಣವೆಂದರೆ ದೇವರ ಜಗಲಿ. ಸಗಣಿ ಸಾರಿಸಿದ ಕಣ ಈಗೆಲ್ಲಿದೆ ಬಿಡಿ, ಮಷಿನ್ ಬಂದು ತಾಡಪತ್ರಿಯ ಮೇಲೆ ಕಾಳು ಸುರಿದು ಹೋಗುತ್ತದೆ. ಆದರೂ ಆ ಪ್ಲಾಸ್ಟಿಕ್ಕಿನ ಮೇಲೂ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ವ್ಯಾಪಾರಿ ನಾಲಿಗೆ ಕಚ್ಚಿಕೊಂಡರು. ಒಂಟಿಗಾಲಲ್ಲಿ ಕುಣಿಯುತ್ತಾ ಬೂಟು ಕಳಚಿದರು. ನನಗೆ ತಮ್ಮನ ಮೇಲೆ ಅಭಿಮಾನ ಉಕ್ಕಿತು.

ಎಷ್ಟು ಹೊತ್ತು ಅಂತೀರಿ? ಊಟ ಮುಗಿಯುವ ತನಕ.

ರೊಟ್ಟಿ, ಝುಣಕ ಆದ ಮೇಲೆ ಮಲ್ಲಪ್ಪ ಫೋನು ತೆಗೆದ. ‘ಅಕ್ಕಾ, ನಮ್ಮ ಅಂಡಮಾನ್ ವಿಡಿಯೋ ನೀ ನೋಡೇ ಇಲ್ಲಲ್ಲ!’ ದೀಪಾವಳಿ ಮುಗಿಸಿ ಗಂಡ ಹೆಂಡತಿ ಹೋಗಿಬಂದಿದ್ದರು. ಸ್ಕೂಬಾ ಡೈವಿಂಗ್ ಬೇರೆ! (ಮಲಪ್ರಭೆಯಲ್ಲಿ ಮೊಣಕಾಲು ಮುಳುಗಿದರೆ ‘ಯಪ್ಪಾ’ ಅನ್ನುವ ಆಸಾಮಿ ಇವನು.)

ನೋಡಿದೆ. ನೀಲಿ ನೀರು, ಬಣ್ಣಬಣ್ಣದ ಮೀನು. ಖರೇ ಹೇಳುತ್ತೇನೆ, ಕಣ್ಣು ತುಂಬಿಬಂತು. ಆಮೇಲೆ ಬಂದ ನಮ್ಮ ಮಲ್ಲಪ್ಪ. ಬೆನ್ನಿಗೆ ಸಿಲಿಂಡರ್, ಕಾಲಿಗೆ ಬಾತುಕೋಳಿಯ ಪಾದದಂಥ ಉದ್ದನೆಯ ರಬ್ಬರ್ ಪಟ್ಟಿ. ಗೈಡ್ ಇವನ ತೋಳು ಹಿಡಿದು ಹವಳದ ದಿಬ್ಬವೊಂದರ ಮೇಲೆ ನಿಲ್ಲಿಸಿದ. ಇವನು ಹೆಬ್ಬೆರಳೆತ್ತಿದ. ಕಾಲ ಬುಡದಲ್ಲಿ ಏನೋ ಮುರಿದು ಉರುಳಿತು. ರಬ್ಬರ್ ಪಟ್ಟಿ ಬಡಿದು ಎದ್ದ ಮರಳು ಸುತ್ತಲಿನ ಹವಳದ ಮೇಲೆಲ್ಲ ಕೂತಿತು.

‘ಏನೋ ಮುರೀತಲ್ಲೋ?’

‘ಕಲ್ಲ ಬಿಡಕ್ಕಾ.’

ಕಲ್ಲಂತೆ! ನನಗೆ ಪಿತ್ತ ನೆತ್ತಿಗೇರಿತು. ನಮಗೆ ಹವಳವೆಂದರೆ ಅವ್ವನ ಸರದಲ್ಲಿನ ಕೆಂಪು ಮಣಿ, ಅಷ್ಟೇ. ಸಮುದ್ರದ ತಳದಲ್ಲಿ ಅದು ಜೀವ. ಪುಟ್ಟ ಪುಟ್ಟ ಜೀವಿಗಳು ಸಾವಿರಗಟ್ಟಲೆ ಸೇರಿ ಕಟ್ಟಿಕೊಂಡ ಮನೆ. ನಮ್ಮ ಕಡಲಿ ಒಂದೇ ಹಂಗಾಮಿನಲ್ಲಿ ಕೈಗೆ ಬರುತ್ತದೆ. ಅಂಥದ್ದೊಂದು ದಿಬ್ಬ ಬೆಳೆಯಲು ಎಷ್ಟೋ ತಲೆಮಾರು ಬೇಕು. ಮೀನಿನ ಮರಿಗಳು ಅಡಗಿ ಬದುಕುವುದು ಅದರೊಳಗೇ. ನೀರು ಬಿಸಿಯಾಗಿ ಮೊದಲೇ ಅದು ಬಿಳಿಚಿಕೊಂಡು ಸಾಯುತ್ತಿದೆ. ಸಾಲದ್ದಕ್ಕೆ ನಮ್ಮ ಕಾಲು ಬೇರೆ!

‘ಒಬ್ಬ ನಾ ನಿಂತ್ರ ಏನಾಕ್ಕೈತಿ?’

‘ಆ ಸಾವಕಾರ್ರೂ ಒಬ್ಬರ ಇದ್ರಲ್ಲೋ! ಅವರಿಗ್ಯಾಕ ಒದರಿದಿ?’

‘ಅಲ್ಲಿ ರೊಕ್ಕ ಕೊಟ್ಟೀನಿ ಅಕ್ಕಾ.’

‘ಅವರೂ ನಿನಗ ರೊಕ್ಕ ಕೊಡಾಕ ಬಂದಾರ!’

‘ಅಲ್ಲಿ ಯಾರೂ ಬ್ಯಾಡ ಅನ್ನಲಿಲ್ಲಕ್ಕಾ. ಆ ಗೈಡೇ ನಿಲ್ಲಿಸಿದ’ ಅಂದ ಮಲ್ಲಪ್ಪ.

ನನ್ನ ಹೊಟ್ಟೆ ಉರಿಯುವುದೇ ಇದಕ್ಕೆ. ಏನನ್ನೂ ಮುಟ್ಟದೆ, ತೇಲುತ್ತಲೇ ಎಲ್ಲ ನೋಡಿ ಬರಬಹುದು. ಹಾಗೆ ಕರೆದೊಯ್ಯುವ ಒಳ್ಳೆಯವರೂ ಇದ್ದಾರೆ. ಆದರೆ ಅದಕ್ಕೆ ಮೊದಲು ತೇಲುವುದನ್ನು ಕಲಿಸಬೇಕು, ಕಲಿಯುವ ತಾಳ್ಮೆ ನಮಗಿರಬೇಕು. ಯಾರಿಗಿದೆ? ಲಗೂ ಇಳಿಸು, ಲಗೂ ನಿಲ್ಲಿಸು, ಫೋಟೋ ಹೊಡಿ, ಮುಂದಿನವರನ್ನು ಕರಿ! ನೋಡಲು ಹೋದವರು ನಾವು. ಫೋಟೋದಲ್ಲಿ ನಮ್ಮ ಮುಖ ಬೀಳಲಿ ಅಂತ ನೋಡಬೇಕಾದ್ದನ್ನೇ ತುಳಿದು ಬರುತ್ತೇವೆ. ನಾಚಿಕೆ ಆಗಬೇಕು.

ಬರುವ ತಿಂಗಳು ಮಲ್ಲಪ್ಪನ ಗೆಳೆಯರ ದಂಡೇ ಅಲ್ಲಿಗೆ ಹೊರಟಿದೆ. ಇವನೇ ಮುಂದಾಳು. ಅದೇ ಗೈಡ್, ಅದೇ ದಿಬ್ಬ.

‘ಇಷ್ಟೂ ಮಂದಿ ಹತ್ತಿ ಇಳಿದ ಮ್ಯಾಲ ಅಲ್ಲಿ ಏನ್ ಉಳೀತೈತೋ ತಮ್ಮಾ?’ ಅಂದೆ. ಸಿಟ್ಟಿನಿಂದಲ್ಲ, ಅಳುವೇ ಬಂದಿತ್ತು.

ಅವನಿಗೂ ನಾಟಿತು ಅಂತ ಕಾಣುತ್ತದೆ. ನನ್ನೆದುರಿಗೇ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಮಾತಾಡಿ ಕಳಿಸಿದ: ‘ಹವಳದ ಮ್ಯಾಲ ಯಾರೂ ನಿಲ್ಲೂಹಂಗಿಲ್ಲರಪಾ. ಅದಕ್ಕ ಜೀವ ಐತಂತ. ಬ್ಯಾರೆ ಗೈಡ್ ಹುಡುಕೂಣು.’

ಮೊದಲ ಉತ್ತರ ಲಕ್ಕಲಕಟ್ಟಿ ಊರಿನ ಗೆಳೆಯರೊಬ್ಬರದು. ‘ಫೋಟೋ ಇಲ್ಲಂದ್ರ ಅಷ್ಟು ದೂರ ಯಾಕ ಹೋಗೂದೋ ಮಾರಾಯ?’ ಅದರ ಕೆಳಗೆ ಉಳಿದವರ ಹೆಬ್ಬೆರಳುಗಳು, ಒಂದರ ಹಿಂದೆ ಒಂದು.

ಮಲ್ಲಪ್ಪ ಫೋನು ಬೋರಲು ಹಾಕಿದ. ‘ನಾ ಅಂತೂ ನಿಲ್ಲೂದಿಲ್ಲಕ್ಕಾ’ ಅಂದ. ಅಷ್ಟಾದರೂ ಆಯಿತು. ಆದರೆ ಉಳಿದವರು?

ಆ ಲಕ್ಕಲಕಟ್ಟಿಯವರ ಹೊಲದಲ್ಲಿ ಮುಂದಿನ ವಾರ ರಾಶಿಯಂತೆ, ನನಗೂ ಊಟಕ್ಕೆ ಹೇಳಿದ್ದಾರೆ. ಬೂಟು ಮೆಟ್ಟಿಕೊಂಡೇ ಅವರ ಕಾಳಿನ ಮೇಲೆ ಹತ್ತಿ ನಿಂತು, ಹೆಬ್ಬೆರಳೆತ್ತಿ ಒಂದು ಫೋಟೋ ತೆಗೆಸಿಕೊಳ್ಳಲೇ?