ಎರಡು ಕಾರ್ಡು, ಒಂದು ಕಿಟಕಿ

ಮಲಾಡಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಇದ್ದದ್ದು ಒಂದೇ ಕಿಟಕಿ. ಅದರ ಕೆಳಗೆ ನನ್ನ ಹೊಲಿಗೆ ಮಷೀನು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬರುವ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರವೂ ಕಾಣುತ್ತಿತ್ತು. ಆ ಎರಡು ಗಂಟೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಸಾಂತಾಕ್ರೂಜ್‌ನ ಅಕ್ಕನ ಮನೆಗೆ ಎರಡು ದಿನ ಹೋಗಿ ಬರುವಷ್ಟರಲ್ಲಿ ಆ ಕಿಟಕಿಯ ಕೆಳಗೆ ಮೈದುನನ ಕಂಪ್ಯೂಟರ್ ಕೂತಿತ್ತು. ಮನೆಗಳಿಗೆ ಅದು ಇನ್ನೂ ಹೊಸದಾಗಿದ್ದ ಕಾಲ. ಅವನು ಆರ್ಕಿಟೆಕ್ಟ್ ಒಬ್ಬರಿಗೆ ಕಟ್ಟಡಗಳ ನಕ್ಷೆ ಮಾಡಿಕೊಡುತ್ತಿದ್ದ. ಪರದೆ ಒಂದೇ ಆಗಿದ್ದರೆ ಮಷೀನಿಗೂ ಜಾಗ ಉಳಿಯುತ್ತಿತ್ತು. ಇವನದು ಎರಡು: ಟೈಪ್ ಮಾಡಿದ್ದು ಕಾಣಲು ಕಪ್ಪುಬಿಳುಪಿನದು, ನಕ್ಷೆ ನೋಡಲು ಬಣ್ಣದ್ದು, ಒಳಗೆ ಒಂದೊಂದು ಪರದೆಯನ್ನೂ ನಡೆಸಲು ಬೇರೆ ಬೇರೆ ಕಾರ್ಡ್. ಮಷೀನಿನ ತಲೆ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಲಾಫ್ಟ್ ಸೇರಿತ್ತು. ಕಬ್ಬಿಣದ ಸ್ಟ್ಯಾಂಡ್ ಬಾಗಿಲ ಹೊರಗೆ; ಅದರ ಪೆಡಲಿನ ಮೇಲೆ ಯಾರೋ ಚಪ್ಪಲಿ ಬಿಟ್ಟಿದ್ದರು.

"ಬ್ಲೌಸ್ ಕೆಳಗಿನ ಟೈಲರ್ ಹತ್ರ ಹೊಲಿಸ್ಕೊಳ್ಳಿ ಅತ್ತಿಗೆ, ನಿಮ್ಮ ಕಣ್ಣಿಗೂ ರೆಸ್ಟು," ಎಂದ. ನನ್ನವರು ಪೇಪರಿನಿಂದ ಮುಖ ಎತ್ತಲಿಲ್ಲ. ನಾನು ಕಾಫಿ ತಂದುಕೊಟ್ಟೆ. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ದನಿ ಏರಿಸುವುದನ್ನು ಕಲಿಸಿರಲಿಲ್ಲ. ಕೈಗೆ ಬಂದ ಪುಸ್ತಕವನ್ನು ಕೊನೆಯ ಸಾಲಿನವರೆಗೂ ಓದುವುದನ್ನು ಕಲಿಸಿದ್ದರು.

ಎರಡು ಕಾರ್ಡುಗಳಿಗೂ ಹೊಂದಿಕೆಯಾಗಲಿಲ್ಲ. ನಕ್ಷೆ ತೆರೆದರೆ ಬಣ್ಣದ ಪರದೆಯ ತುಂಬ ರಂಗೋಲಿಪುಡಿ ಚೆಲ್ಲಿದ ಹಾಗೆ ಚುಕ್ಕೆಗಳು.

"ಒದ್ದೆ ಬಟ್ಟೇಲಿ ಒರೆಸಿದ್ರಾ ಅತ್ತಿಗೆ?" ಎಂದು ನನ್ನವರ ಎದುರಿಗೇ ಕೇಳಿದ.

ಅಂದು ಕುಕ್ಕರ್ ಇಟ್ಟು, ಕಾರ್ಡಿನ ಜೊತೆ ಬಂದಿದ್ದ ತೆಳು ಇಂಗ್ಲಿಷ್ ಪುಸ್ತಕ ಓದಿದೆ. ಅವನು ಅದನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದೇ ಇರಲಿಲ್ಲ. ಮೂರನೇ ಸೀಟಿಯ ಹೊತ್ತಿಗೆ ಚುಕ್ಕೆಗಳ ಕಾರಣ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು ಕಾರ್ಡ್ ಇದ್ದರೆ ಕಪ್ಪುಬಿಳುಪಿನದನ್ನು 'ಹಾಫ್'ಗೆ ಇಡಬೇಕಂತೆ. 'ಫುಲ್'ಗೆ ಇಟ್ಟರೆ ಅದು ಇನ್ನೊಂದರ ಜಾಗಕ್ಕೆ ನುಗ್ಗುತ್ತದಂತೆ. ಪುಸ್ತಕವನ್ನು ಇದ್ದ ಹಾಗೇ ಚೀಲಕ್ಕೆ ಹಾಕಿಟ್ಟೆ. ಎಂಟು ದಿನ ಅವನು ಸ್ಕ್ರೂ ಬಿಚ್ಚುವುದನ್ನೂ ಹಾಕುವುದನ್ನೂ ಬಟಾಣಿ ಸುಲಿಯುತ್ತಾ ನೋಡಿದೆ. ಅಷ್ಟು ಸಮಾಧಾನವಾಗಿ ನಾನು ಯಾವತ್ತೂ ಬಟಾಣಿ ಸುಲಿದಿಲ್ಲ.

ಭಾನುವಾರ ಆರ್ಕಿಟೆಕ್ಟ್ ಕೆಲಸ ನೋಡಲು ಬಂದರು. ಧಾರವಾಡದವರು. ಪರದೆಯ ಚುಕ್ಕೆಗಳನ್ನು ನೋಡಿ ಕೇಳಿದರು: "ಎರಡೆರಡು ಯಾಕ ಬೇಕೋ ತಮ್ಮಾ? ಇದರಿಂದ ನಕ್ಷಾ ಲಗೂ ಬರ್ತಾವೇನು?"

ಮೈದುನ ಮತ್ತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ನಾನು ಕಾಫಿಯ ಟ್ರೇ ಕೆಳಗಿಟ್ಟೆ.

"ಬೇಗ ಏನೂ ಬರಲ್ಲ ಸರ್. ಪುಸ್ತಕ ಓದಿದೀನಿ, ಬೇಗ ಆಗುತ್ತೆ ಅಂತ ಎಲ್ಲೂ ಇಲ್ಲ. ಕತ್ತು ಮಾತ್ರ ಎರಡು ಕಡೆ ತಿರುಗಿಸ್ಬೇಕು."

ಅವರು ಜೋರಾಗಿ ನಕ್ಕರು. "ಕೇಳಿದೇನೋ? ಒಂದನ್ನ ತಗದು ಇವತ್ತss ಕೆಲಸಾ ಶುರು ಮಾಡು."

"ಹಾಗಾದ್ರೆ ಜಾಗ ಆಯ್ತಲ್ಲಪ್ಪ," ಎಂದೆ, "ನನ್ನ ಮಷೀನ್ ಇಳಿಸಿಕೊಟ್ಟುಬಿಡು."

ಅವರ ಎದುರು ಇಲ್ಲ ಎನ್ನಲಾಗದೆ ಸ್ಟೂಲ್ ಹತ್ತಿದ. ಇಳಿದಾಗ ಅವನ ಕ್ರಾಪಿನ ಮೇಲೆ ಜೇಡರ ಬಲೆ. ನೋಡಿದೆ, ಹೇಳಲಿಲ್ಲ. ಅವರು ಹೊರಡುವವರೆಗೂ ಅದನ್ನು ಹೊತ್ತುಕೊಂಡೇ ಮಾತಾಡಿದ.

ನಾನು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎರಡು ಕಾರ್ಡಿನಿಂದ ಅವನಿಗೆ ಉಪಯೋಗವಿತ್ತು. ಒಂದೇ ಪರದೆಯಾದ ಮೇಲೆ ಟೈಪ್ ಮಾಡಿದ್ದನ್ನು ನೋಡಲು ನಕ್ಷೆ ಮರೆಯಾಗಬೇಕು, ನಕ್ಷೆ ನೋಡಲು ಅಕ್ಷರ ಮರೆಯಾಗಬೇಕು. ಪ್ರತಿ ಸಲವೂ ಒಂದು ಕೀ ಒತ್ತಬೇಕು. ದಿನಕ್ಕೆ ನೂರಾರು ಸಲ, ಟಕ್. ಕಿಟಕಿಯ ಬೆಳಕಿನಲ್ಲಿ ಹುಕ್ ಹೊಲಿಯುತ್ತಾ ನಾನು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದೆ. 'ಹಾಫ್' ವಿಷಯ ಅವನಿಗೆ ಇವತ್ತಿಗೂ ಹೇಳಿಲ್ಲ.