ಬಲಗಣ್ಣು ಮುಚ್ಚಿದಾಗ

ಶಾಲೆಯಲ್ಲಿ ಕಣ್ಣು ಪರೀಕ್ಷೆ ಮಾಡಿದ ದಿನ ಮಗಳು ಸಹನಾ ಅಳುತ್ತಾ ಬಂದಳು. ಎರಡನೇ ಕ್ಲಾಸು. ಬಲಗಣ್ಣು ಮುಚ್ಚಿಕೊಂಡು ಓದು ಅಂದರೆ ಬೆರಳ ಸಂದಿಯಿಂದ ಇಣುಕಿದಳೆಂದು ಮೇಡಂ ಗದರಿದರಂತೆ. ಮಾರನೇ ದಿನವೂ ಇಣುಕಿದಳು. ಆಗ ಮೇಡಂಗೇ ಎಡಗಣ್ಣಿನ ಮೇಲೆ ಅನುಮಾನ ಬಂತು.

ನಮ್ಮೂರು ಭರಮಸಾಗರದಿಂದ ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

"ಲೇಜಿ ಐ ಅಂತೀವಮ್ಮ," ಎಂದರು ಡಾಕ್ಟರು. "ಎಡಗಣ್ಣಿಗೆ ಪವರ್ ಜಾಸ್ತಿ, ಮೊದಲಿಂದ್ಲೂ ಮಸುಕು. ಮೆದುಳು ಆ ಕಣ್ಣನ್ನ ಕೈಬಿಟ್ಟಿದೆ. ಕನ್ನಡಕ ಹಾಕಿ, ದಿನಾ ಕೆಲವು ಗಂಟೆ ಒಳ್ಳೇ ಕಣ್ಣಿಗೆ ಪ್ಯಾಚ್ ಅಂಟಿಸಿ. ಆಗ ವಿಧಿಯಿಲ್ಲದೆ ಎಡಗಣ್ಣು ಬಳಸುತ್ತೆ. ವಯಸ್ಸು ದಾಟಿದ್ರೆ ಕಷ್ಟ."

ಸೋಮಾರಿ ಕಣ್ಣಂತೆ! ದುಡಿಯಲು ಬಿಡದೆ ಮೂಲೆಗೆ ಕೂರಿಸಿ, ಆಮೇಲೆ ಸೋಮಾರಿ ಅನ್ನುವುದು ನಮ್ಮ ಮನೆಗಳಲ್ಲೂ ಉಂಟು.

ಪ್ಯಾಚ್ ಹಾಕಿದ ಸಂಜೆಗಳು ನರಕ. ಹೊಸ್ತಿಲು ಎಡವಿದಳು. ತಟ್ಟೆ ಬಿಟ್ಟು ಪಕ್ಕಕ್ಕೆ ಕೈ ಹಾಕಿದಳು. ಕಿತ್ತರೆ ಹುಬ್ಬಿನ ಕೂದಲೂ ಬರುತ್ತಿತ್ತು. ಅತ್ತೆಗೆ ನೋಡಲಾಗುತ್ತಿರಲಿಲ್ಲ.

"ಕಾಣೋ ಕಣ್ಣನ್ನೇ ಮುಚ್ಚಿ ಕೂಸನ್ನ ಕುರುಡಿ ಮಾಡ್ತೀಯೇನೆ?" ಎಂದು ಅವರೇ ಕಿತ್ತುಹಾಕುತ್ತಿದ್ದರು.

ಒಂದು ಸಂಜೆ ಸಹನಾ ಪ್ಯಾಚ್ ನನ್ನ ಮಡಿಲಿಗೆ ಎಸೆದಳು. "ನೀನೂ ಹಾಕ್ಕ. ಆಮೇಲೆ ಹೇಳು."

ಹಟಕ್ಕೆ ಹಟ. ಹೊಸದೊಂದು ತೆಗೆದು ನನ್ನ ಬಲಗಣ್ಣಿಗೆ ಅಂಟಿಸಿಕೊಂಡೆ.

ಎದುರಿಗೆ ಕೂತ ಮಗಳಿಗೆ ಮುಖವಿರಲಿಲ್ಲ.

ಎಡಗಣ್ಣು ಉಜ್ಜಿಕೊಂಡೆ. ಗೋಡೆಯ ಕ್ಯಾಲೆಂಡರು ಬರೀ ಬಿಳಿ ಮಚ್ಚೆ. ಮತ್ತೆ ಉಜ್ಜಿಕೊಂಡೆ.

"ನಿಂಗೂ ಹಿಂಗೇನಾ?" ಎಂದಳು. ದನಿಯಲ್ಲಿ ಜೊತೆ ಸಿಕ್ಕ ಖುಷಿಯಿತ್ತು.

ಇಷ್ಟು ವರ್ಷ ಹೇಗೆ ಗೊತ್ತಾಗಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಒಂದು ಕಣ್ಣು ಮುಚ್ಚಿ ಲೋಕ ನೋಡುವ ಪುರುಸೊತ್ತು ಯಾರಿಗಿದೆ? ಲೋಟಕ್ಕೆ ಟೀ ಬಗ್ಗಿಸಿದರೆ ಪಕ್ಕಕ್ಕೆ ಬೀಳುತ್ತಿತ್ತು. "ಗ್ಯಾನ ಎಲ್ಲೈತೆ ನಿಂದು? ಕಣ್ಣಿದ್ದೂ ಕುರುಡಿ," ಎಂದು ಅತ್ತೆ ಬೈಯುತ್ತಿದ್ದರು, ನನಗೆ ಗಮನವಿಲ್ಲವೆಂದೇ ನಾನೂ ನಂಬಿದ್ದೆ. ಸೇವಂತಿಗೆ ಹೂ ಕಟ್ಟಿ ಮಾರುವುದು ನನ್ನ ಕೆಲಸ. ಅದಕ್ಕೆ ಬೆರಳು ಸಾಕು.

ಮತ್ತೆ ದುರ್ಗಕ್ಕೆ ಹೋದಾಗ ಡಾಕ್ಟರು ನನ್ನ ಕಣ್ಣನ್ನೂ ನೋಡಿದರು.

"ನಿಮ್ಮದೂ ಅದೇ ಕಣಮ್ಮ. ಈ ವಯಸ್ಸಲ್ಲಿ ಹೆಚ್ಚು ಆಸೆ ಇಟ್ಕೋಬೇಡಿ. ಬಲಗಣ್ಣು ಜೋಪಾನ. ಇರೋದು ಅದೊಂದೇ."

ಇರುವುದು ಅದೊಂದೇ.

ಈಗ ಒಗ್ಗರಣೆ ಸಿಡಿದರೂ ಬಲಗಣ್ಣಿಗೆ ಕೈ ಅಡ್ಡ ಹೋಗುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ, ಧೂಳಿಗೆ ಹೆದರಿ. ಮೊದಲು ಇಲ್ಲದ ಈ ಹೆದರಿಕೆ ಇನ್ನು ಹೋಗುವಂಥದ್ದಲ್ಲ.

ವಿಷಯ ತಿಳಿದ ದಿನ ಅತ್ತೆ, "ನೂಲಿನಂತೆ ಸೀರೆ," ಎಂದರು. ಉಳಿದರ್ಧ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನೋವಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆದರೆ ಅಂದಿನಿಂದ ಪ್ಯಾಚ್ ಕೀಳಲು ಅವರೇ ಬಿಡುವುದಿಲ್ಲ. "ನಿಮ್ಮಮ್ಮನಂಗೆ ಆಗ್ತೀಯೇನೆ? ಹಾಕ್ಕಳೇ!" ಎನ್ನುತ್ತಾರೆ. ಅಂತೂ ಬೆದರುಬೊಂಬೆಯಾಗಿ ನಾನು ಕೆಲಸಕ್ಕೆ ಬಂದೆ. ಟೀಯನ್ನು ಈಗ ಅವರೇ ಬಗ್ಗಿಸುತ್ತಾರೆ, ಬೈಯದೆ.

ಕಳೆದ ವಾರ ಮತ್ತೆ ಪರೀಕ್ಷೆಯಿತ್ತು. ಎಡಗಣ್ಣಿನಲ್ಲಿ ಸಹನಾ ಬೋರ್ಡಿನ ಮೇಲಿನ ಸಾಲುಗಳನ್ನು ಓದಿದಳು. ಕೆಳಗಿನವು ಬರಲಿಲ್ಲ.

"ಪೂರ್ತಿ ಬರುತ್ತೆ ಅಂತ ಈಗಲೇ ಹೇಳಲಾರೆ," ಎಂದರು ಡಾಕ್ಟರು. "ಆದರೆ ಕಣ್ಣು ಕಲೀತಾ ಇದೆ. ಬಿಡಬೇಡಿ."

ಅಷ್ಟಕ್ಕೇ ಕೈಮುಗಿದೆ. ವಾಪಸು ಬರುವ ಬಸ್ಸಿನಲ್ಲಿ ಸಹನಾ ಪ್ಯಾಚ್ ಹಾಕಿಕೊಂಡೇ ನನ್ನನ್ನು ದಿಟ್ಟಿಸಿ ನೋಡಿದಳು.

"ಅಮ್ಮ, ನಿನ್ನ ಮೂಗುಬೊಟ್ಟು ಕಾಣ್ತೈತೆ! ನಿಂಗೆ ನಾನು ಕಾಣ್ತೀನಾ?"

ಅಂಗೈಯಿಂದ ಬಲಗಣ್ಣು ಮುಚ್ಚಿದೆ. ಅದೇ ಮಸುಕು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ ಪುಟ್ಟಿ."

ಇನ್ನೂ ಹತ್ತಿರ ಬಂದಳು. "ಈಗ?"

"ಇಲ್ಲ."

ನನ್ನ ಇನ್ನೊಂದು ಕೈ ಎಳೆದು ತನ್ನ ಮುಖದ ಮೇಲೆ ಇಟ್ಟುಕೊಂಡಳು. "ಹೂ ಕಟ್ತೀಯಲ್ಲ, ಹಂಗೆ ನೋಡು."

ನೋಡಿದೆ. ಹುಬ್ಬು, ಕನ್ನಡಕದ ಕಡ್ಡಿ, ಅದರಡಿ ಪ್ಯಾಚಿನ ಅಂಚು, ನಗುತ್ತಿದ್ದ ಕೆನ್ನೆ.