ಹೋಳಿಗೆ ಹಳಸದಷ್ಟು ದೂರ

ಟಿಕೋಟಾದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಲ್ಲ ಇದ್ದವು. ಬಸುರಿ ಅಕ್ಕ ಕಲ್ಕತ್ತೆಯಿಂದ ಬಯಸಿ ಕೇಳಿದ್ದ ಹೋಳಿಗೆ ಮಾತ್ರ ಇರಲಿಲ್ಲ.

“ಅವ್ವ, ಈ ಸಲ ಕಚೇರಿಯವರು ಇಮಾನದಾಗ ಕಳಸಾಕತ್ತಾರ. ನಾಳೆನ ಮುಟ್ಟತೇನಿ,” ಎಂದರೂ ಅವ್ವ ನಂಬಿರಲಿಲ್ಲ.

“ಹೋದ ವರ್ಷ ರೈಲಿನಾಗ ಒಯ್ದಿದ್ದು ಹಳಸಿತ್ತಲ್ಲೋ! ಇಮಾನ ಹತ್ತಿದ್ರ ಊರು ಸನೇಕ ಬರತೈತೇನು?”

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಅಕ್ಕ ಬರುವುದಿಲ್ಲವೆಂದಿದ್ದಳು. “ಅಷ್ಟು ದೂರದಿಂದ ಹೆಂಗ ಬಂದಾಳು ಪಾಪ,” ಎಂದು ಅವ್ವ ಓಣಿಗೆಲ್ಲ ಹೇಳಿ ತಾನೂ ಸಮಾಧಾನಪಟ್ಟುಕೊಂಡಿದ್ದಳು. ನೀನೇ ಬಾಣಂತನಕ್ಕೆ ಹೋಗು ಎಂದರೆ, ಆ ದೂರ ತನ್ನಿಂದಾಗದು ಎನ್ನುತ್ತಿದ್ದಳು.

ವಿಜಾಪುರದಿಂದ ಸೊಲ್ಲಾಪುರಕ್ಕೆ ಸಣ್ಣ ರೈಲುಗಾಡಿ, ಅಲ್ಲಿಂದ ಮುಂಬಯಿಗೆ ರಾತ್ರಿಯ ರೈಲು. ಮುಂಬಯಿ ಮುಟ್ಟುವಷ್ಟರಲ್ಲಿ ಮೈಯೆಲ್ಲ ಹಣ್ಣಾಗಿತ್ತು. ಕಲ್ಕತ್ತೆಗೆ ಅಲ್ಲಿಂದ ಇನ್ನೂ ಸಾವಿರ ಮೈಲಿ. ವಿಮಾನಕ್ಕೆ ಅದು ನಾಲ್ಕು ತಾಸಿನೊಳಗಿನ ದಾರಿ! ಪರಿಚಾರಿಕೆ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮೆಂಟು ಕೊಟ್ಟಳು. ಎತ್ತರ, ವೇಗ ಬರೆದ ಪೈಲಟನ ಚೀಟಿ ಕೈಯಿಂದ ಕೈಗೆ ಬಂತು. ನಾನು ಅದನ್ನು ಬಿಡದೆ ಲೆಕ್ಕ ಹಾಕಿದೆ. ಟಿಕೋಟಾದಿಂದ ವಿಜಾಪುರದವರೆಗಿನ ದೂರ ಎರಡು ಗುಟುಕು ಚಹಾದಲ್ಲಿ ಮುಗಿಯುತ್ತಿತ್ತು. ಪಕ್ಕದ ಮಾರವಾಡಿ ಸೇಠಜಿ ಹಣೆಗೆ ಕೈ ಹಚ್ಚಿಕೊಂಡು ದೇವರ ಹೆಸರು ಹೇಳುತ್ತಿದ್ದರು. ನನಗೋ ಇಳಿಯುವುದೇ ಬೇಡವೆನಿಸಿತ್ತು.

ಕಲ್ಕತ್ತೆಯ ಮನೆ ಮುಟ್ಟಿದೊಡನೆ ಅಕ್ಕ ಚೀಲ ತಡಕಿ, “ಹೋಳಿಗಿ ಎಲ್ಲೈತೋ?” ಎಂದಳು. ನಡೆದದ್ದು ಹೇಳಿದೆ. ನಕ್ಕಳು.

“ನೀನೂ ಇಮಾನದಾಗ ಬಂದುಬಿಡು. ಟಿಕೀಟು ಭಾವ ತಗಸತೇನಿ ಅನ್ನಾಕತ್ತಾರ,” ಎಂದೆ.

“ನನಗ ಇಲ್ಲೇ ಇರಬೇಕನಸೇತಿ, ತಮ್ಮಾ. ಇದು ನನ್ನ ಮನಿ. ಆದ್ರ ಅವ್ವಗ ಹಂಗ ಹೇಳಬ್ಯಾಡ. ದೂರ ಅಂತನ ಹೇಳು.”

ಎಂಟು ದಿನದ ಮೇಲೆ ನಾನು ಹೊರಟ ಬೆಳಿಗ್ಗೆ, ಮೈ ಭಾರವಾಗಿದ್ದರೂ ಅಕ್ಕ ತಾನೇ ಹೋಳಿಗೆ ಮಾಡಿ, ಅವ್ವನಿಗೆಂದು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಮತ್ತೆ ಅದೇ ವಿಮಾನ, ಅದೇ ರೈಲುಗಳು, ಅದೇ ಧೂಳಿನ ಬಸ್ಸು. ಚಳಿಗಾಲ ಬೇರೆ, ಗಂಟು ಕೆಡಲಿಲ್ಲ.

ಅವ್ವ ಒಂದು ಹೋಳಿಗೆ ತೆಗೆದು ಒತ್ತಿ ನೋಡಿದಳು. ಮೂಸಿದಳು.

“ಯಾವಾಗ ಮಾಡಿದ್ದೋ ಇದು?”

“ನಿನ್ನೆ ಮುಂಜಾನೆ!” ಗೆದ್ದವನಂತೆ ಹೇಳಿದೆ. ಹೇಳಿದ ಮೇಲೆ ಅವ್ವನ ಮುಖ ನೋಡಿದೆ.

“ಹಂಗಾರ ದೂರ ಅಂತ ಅಲ್ಲ, ಆಕಿ ಬರದಿದ್ದು.”

ಅಕ್ಕನ ಮಾತು ಉಳಿಸಲಾಗಲಿಲ್ಲವೆಂದು ಸಂಕಟವಾಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹೋಳಿಗೆ ಮುರಿದು ಬಾಯಿಗೆ ಹಾಕಿ, ನಿಧಾನ ಅಗಿದಳು.

“ಬೆಲ್ಲ ಕಡಿಮಿ ಬಿದ್ದೈತಿ,” ಎಂದಳು. “ನಾನ ಹೋಗಬೇಕು. ಸೊಲ್ಲಾಪುರ ಗಾಡಿ ಎಷ್ಟಕ್ಕ ಬಿಡತೈತಿ?”